ಒಲ್ಲದವರಿಗೆ ಕೈ ಇರುವ ಕುರ್ಚಿ

ಸಾವಿರದ ಒಂಬೈನೂರ ಎಂಬತ್ತಾರನೆಯ ಇಸವಿಯ ಮುಂಗಾರಿನಲ್ಲಿ ಚನ್ನಗಿರಿಯ ಪ್ರೌಢಶಾಲೆಯೊಂದಕ್ಕೆ ಪಾಠ ಹೇಳುವ ಗಣಕಯಂತ್ರ ಬಂದಿತು. ಶಿಕ್ಷಕರು ಅದನ್ನು ಮುಟ್ಟಲಿಲ್ಲ. ಈ ಎರಡು ಸಂಗತಿಗಳ ಪೈಕಿ ಮೊದಲನೆಯದಕ್ಕೆ ವಲಯ ಯಂತ್ರಪಾಠ ಪ್ರಸಾರ ಮಂಡಳಿಯು ಹೊಣೆಯಾಗಿದ್ದು, ಎರಡನೆಯದನ್ನು ಸರಿಪಡಿಸುವ ಹೊಣೆ ನನ್ನದಾಗಿತ್ತು. ಸರಿಪಡಿಸಿದೆನೆಂದೇ ಮಂಡಳಿಯ ವಾರ್ಷಿಕ ವರದಿ ಹೇಳುತ್ತದೆ. ವರದಿಯನ್ನು ಬರೆದವನೂ ನಾನೇ.

ನನ್ನ ಹೆಸರು ಮರುಳಪ್ಪ. ಆಗ ನ್ಯಾಮತಿಯಲ್ಲಿ ಇತಿಹಾಸದ ಮೇಷ್ಟ್ರಾಗಿದ್ದೆ. ಶಿವಮೊಗ್ಗ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿಗಳನ್ನೂ ಚಿತ್ರದುರ್ಗ ಜಿಲ್ಲೆಯ ಜಗಳೂರನ್ನೂ ಸೇರಿಸಿ ಮಂಡಳಿಯು ಒಂದು ವಲಯ ಮಾಡಿತ್ತು. ಜಗಳೂರನ್ನು ಯಾಕೆ ಸೇರಿಸಿದರೆಂದು ಜಗಳೂರಿನವರಿಗೂ ತಿಳಿದಿರಲಿಲ್ಲ. ಈ ವಲಯಕ್ಕೆ ಒಬ್ಬ ಪ್ರೇರಣಾಧಿಕಾರಿ ಬೇಕಾಗಿದ್ದು, ಅವನು ಬೇಸಿಗೆ ರಜೆಯಲ್ಲಿ ಮೈಸೂರಿಗೆ ಹೋಗಿ ತರಬೇತಿ ಪಡೆಯಬೇಕಿತ್ತು. ಅದು ಲಗ್ನದ ಕಾಲ. ಎಲ್ಲ ಮೇಷ್ಟ್ರುಗಳಿಗೂ ಮದುವೆಗಳಿದ್ದವು. ನನ್ನನ್ನು ಆ ಬೇಸಿಗೆಯಲ್ಲಿ ಯಾರೂ ಮದುವೆಗೆ ಕರೆದಿರಲಿಲ್ಲ. ಆದ್ದರಿಂದ ಅರ್ಹತೆಯ ಆಧಾರದ ಮೇಲೆ ನನ್ನನ್ನು ಆಯ್ಕೆ ಮಾಡಲಾಯಿತು.

ಮೈಸೂರಿನಲ್ಲಿ ಪರದೇಶದಲ್ಲಿ ಓದಿ ಬಂದಿದ್ದ ಪ್ರೊಫೆಸರರೊಬ್ಬರು ವರ್ತನಾ ಅರ್ಥಶಾಸ್ತ್ರವೆಂಬ ಹೊಸ ವಿದ್ಯೆಯನ್ನು ಬೋಧಿಸಿದರು. ಮನುಷ್ಯನು ಲಾಭ ನೋಡಿ ನಡೆಯುವ ಪ್ರಾಣಿಯಲ್ಲ. ಕೂತಲ್ಲಿಂದ ಏಳಲು ಅವನಿಗೆ ಬೇಸರ, ಕೈಗೆ ಬಂದದ್ದನ್ನು ಬಿಡಲು ಸಂಕಟ, ನೆರೆಯವನು ಮಾಡಿದ್ದನ್ನು ತಾನು ಮಾಡದಿದ್ದರೆ ನಿದ್ದೆ ಬಾರದು. ಆದ್ದರಿಂದ ಅವನಿಗೆ ಬುದ್ಧಿ ಹೇಳಬಾರದು, ಬೆದರಿಸಲೂಬಾರದು. ಮೊಣಕೈಯಿಂದ ಮೆಲ್ಲಗೆ ತಿವಿಯಬೇಕು. ಇದೆಲ್ಲ ನಮ್ಮ ಮನೆಯಾಕೆ ಸಿದ್ದಲಿಂಗಮ್ಮನಿಗೆ ಮೊದಲೇ ಗೊತ್ತಿತ್ತು. ಆದರೆ ಅವಳ ಬಳಿ ಪ್ರಮಾಣಪತ್ರ ಇರಲಿಲ್ಲ. ನನಗೆ ಸಿಕ್ಕಿತು. ಅದಕ್ಕೆ ಕಟ್ಟು ಹಾಕಿಸಿ ಕೈಯಲ್ಲಿ ಹಿಡಿದುಕೊಂಡೇ ಚನ್ನಗಿರಿಗೆ ಹೋದೆ.

ಶಾಲೆಯ ಮುಖ್ಯೋಪಾಧ್ಯಾಯರಾದ ಮಹೇಶ್ವರಪ್ಪನವರು ನನ್ನನ್ನು ಗೌರವದಿಂದ ಬರಮಾಡಿಕೊಂಡರು. ಯಂತ್ರವನ್ನು ಹಳೆಯ ಉಗ್ರಾಣದ ಕೋಣೆಯಲ್ಲಿಟ್ಟು, ಕಿಟಕಿಗೆ ಪರದೆ ಕಟ್ಟಿಸಿ, ಬಾಗಿಲಿಗೆ ನಿಂಬೆಹಣ್ಣು ಮೆಣಸಿನಕಾಯಿ ತೂಗಿಸಿದ್ದರು. ಚಪ್ಪಲಿ ಹೊರಗೆ ಬಿಡಬೇಕು. ಒಳಗೆ ಟೀವಿಯಂಥ ಒಂದು ಪೆಟ್ಟಿಗೆ, ಟೈಪ್‌ರೈಟರಿನಂಥ ಒಂದು ಹಲಗೆ, ಪಾಠದ ಕ್ಯಾಸೆಟ್ಟುಗಳನ್ನು ಹಾಕಲು ಒಂದು ಟೇಪ್‌ರೆಕಾರ್ಡರ್. ಕ್ಯಾಸೆಟ್ಟು ಹಾಕಿದರೆ ಮೊದಲು ಬಾಲ ತುಳಿಸಿಕೊಂಡ ಬೆಕ್ಕಿನಂತೆ ಅರಚಿ, ಆಮೇಲೆ ಪೆಟ್ಟಿಗೆಯ ಪರದೆಯ ಮೇಲೆ ಪಾಠ ಮೂಡುತ್ತಿತ್ತು.

"ಬಾಳ ಚೆನ್ನಾಗಿ ನೋಡ್ಕಂಡೀವಿ ಸಾರ್," ಎಂದರು ಮಹೇಶ್ವರಪ್ಪನವರು. "ದಿನಾ ಕಸ ಹೊಡಸ್ತೀವಿ. ಮುಟ್ಟಿ ಕೆಡಿಸಿದೋರು ಒಬ್ರೂ ಇಲ್ಲ."

ನಾನು ಶಿಕ್ಷಕರ ಕೊಠಡಿಗೆ ಹೋಗಿ, ಪ್ರೊಫೆಸರರು ಹೇಳಿಕೊಟ್ಟಂತೆ ಮುಗುಳ್ನಗುತ್ತಾ, ಯಂತ್ರವನ್ನು ಯಾಕೆ ಬಳಸುತ್ತಿಲ್ಲವೆಂದು ಕೇಳಿದೆ. ಸಮಾಜಶಾಸ್ತ್ರದ ಸಣ್ಣಪ್ಪ ಎಂಬವರು ಎಲ್ಲರ ಪರವಾಗಿ ಮಾತಾಡಿದರು. ಆ ಶಾಲೆಯಲ್ಲಿ ಎಲ್ಲರ ಪರವಾಗಿ ಮಾತಾಡುವುದು ಅವರ ಪದ್ಧತಿ.

"ಒಂದು ಮಾತು ಕೇಳ್ತೀನಿ, ಬ್ಯಾಸರ ಮಾಡ್ಕಬ್ಯಾಡ್ರಿ. ನಾನು ತಪ್ಪು ಹೇಳಿದ್ರೆ ನನಗೆ ಮೆಮೋ ಕೊಡ್ತೀರಿ. ಆ ಡಬ್ಬಿ ತಪ್ಪು ಹೇಳಿದ್ರೆ ಯಾರಿಗೆ ಕೊಡ್ತೀರಿ?"

"ಅದು ತಪ್ಪು ಹೇಳಲ್ಲ ಸಣ್ಣಪ್ಪನೋರೆ."

"ಹಂಗಾದ್ರೆ ಇನ್ನೂ ಕಷ್ಟ. ತಪ್ಪೇ ಹೇಳದಿರೋರ ಪಕ್ಕ ನಿಂತು ಪಾಠ ಮಾಡಾಕೆ ಆಗ್ತೈತಾ?"

ತರಬೇತಿಯಲ್ಲಿ ಕಲಿತಂತೆ ಮುಗುಳ್ನಗೆಯನ್ನು ಮುಂದುವರಿಸಿದೆ.

ಇಷ್ಟರಲ್ಲಿ ಯಂತ್ರದ ಕೋಣೆಯಿಂದ ಬೆಕ್ಕು ಅರಚಿದ ಸದ್ದು ಕೇಳಿತು. ಓಡಿ ಹೋಗಿ ನೋಡಿದರೆ, ಗಣಿತದ ಶಿಕ್ಷಕಿ ಸರ್ವಮಂಗಳಮ್ಮ ಜವಾನ ದುರುಗಪ್ಪನಿಂದ ಬಾಗಿಲು ತೆಗೆಸಿ, ಕ್ಯಾಸೆಟ್ಟು ಹಾಕಿ, ಹತ್ತನೇ ತರಗತಿಯ ಹುಡುಗಿಯರನ್ನು ನೆಲದ ಮೇಲೆ ಕೂರಿಸಿಕೊಂಡಿದ್ದರು. ಪರದೆಯ ಮೇಲೆ ಒಂದು ವೃತ್ತ. ಅದರ ಹೊರಗಿನಿಂದ ಒಂದು ಗೆರೆ ನಿಧಾನವಾಗಿ ಬಂದು, ವೃತ್ತವನ್ನು ಒಂದೇ ಒಂದು ಬಿಂದುವಿನಲ್ಲಿ ಮುಟ್ಟಿ ನಿಂತಿತು. ನಲ್ಲೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದ ಭೀಮಕ್ಕನೆಂಬ ಹುಡುಗಿ "ಓ" ಎಂದಳು. ಅಷ್ಟೇ. ಆದರೆ ಆ "ಓ" ನನ್ನ ಇತಿಹಾಸದ ತರಗತಿಗಳಲ್ಲಿ ನಾನೆಂದೂ ಕೇಳಿದ್ದಲ್ಲ.

"ಹೋದ ವರ್ಷ ಅರ್ಧಕ್ಕರ್ಧ ಹುಡುಗೀರು ಲೆಕ್ಕದಾಗೆ ಹೋದರು ಸಾರ್," ಎಂದರು ಸರ್ವಮಂಗಳಮ್ಮ. "ಹೋದೋರನ್ನ ಮತ್ತೆ ಕಳಿಸಲ್ಲ. ಈ ಭೀಮಕ್ಕನ ಅಪ್ಪ ಈಗ್ಲೇ ಹೇಳ್ಯಾರೆ, ಫೇಲಾದ್ರೆ ಅಂಗಡಿ ಗಲ್ಲಾದ ಮ್ಯಾಲೆ ಕೂರು ಅಂತ. ನಾನು ಬೋರ್ಡಿನ ಮ್ಯಾಲೆ ನೂರು ಸಲ ಬರೆದ್ರೂ ಗೆರೆ ಹಂದಾಡಲ್ಲ. ಇದರಾಗೆ ಹಂದಾಡ್ತೈತೆ."

ನನಗೆ ಸಂತೋಷವಾಯಿತು. ಕೂಡಲೇ ಹೊನ್ನಾಳಿಯ ಬಸ್ಸು ಹತ್ತಿ ವಲಯಾಧಿಕಾರಿ ಗಾದ್ರಪ್ಪನವರಿಗೆ ಶುಭವಾರ್ತೆ ತಿಳಿಸಿದೆ. ಅವರ ಮುಖ ಬಿಳಿಚಿಕೊಂಡಿತು.

"ಏನ್ರೀ ಮರುಳಪ್ಪ, ನೀವು ಪ್ರೇರಣೆ ಶುರು ಮಾಡೋಕಿಂತ ಮೊದ್ಲೇ ಬಳಸ್ತಿದಾರಾ?"

"ಹೌದು ಸಾರ್. ಬಾಳ ಚೆನ್ನಾಗಿ."

"ಯಾರ ಪ್ರೇರಣೆಯಿಂದ?"

"ಅವರೇ, ಸುಮ್ಮನೆ, ಬೇಕು ಅಂತ."

ಗಾದ್ರಪ್ಪನವರು ಎದ್ದು ಬಾಗಿಲು ಮುಂದೆ ಮಾಡಿದರು. "ಸುಮ್ಮನೆ ಬೇಕು ಅಂತ ಬಳಸೋರು ಅದಾರೆ ಅಂದ್ರೆ ನಮ್ಮ ಪ್ರೇರಣಾ ಘಟಕ ಯಾಕೆ ಬೇಕು? ನೀವ್ಯಾಕೆ ಬೇಕು? ನಾಳೆ ಮಂಡಳಿಯೋರು ಕೇಳ್ತಾರೆ, ಇದು ಪ್ರೇರಣೆಯಿಂದ ಆಗಿದ್ದಾ, ತಾನೇ ಆಗಿದ್ದಾ ಅಂತ. ಏನು ಹೇಳ್ತೀರಿ? ನ್ಯಾಮತಿಗೆ ವಾಪಸು ಹೋಗಿ ಅಶೋಕ ಸಾಲುಮರ ನೆಡಿಸಿದ ಅಂತ ಹೇಳ್ತೀರಾ?"

ಪ್ರೇರಣಾಧಿಕಾರಿಗೆ ಸ್ವಂತ ಕೋಣೆ, ಫ್ಯಾನು, ಮತ್ತು ಬಾಗಿಲಿನ ಮೇಲೆ ಹೆಸರು ಇರುತ್ತದೆ. ನ್ಯಾಮತಿಯಲ್ಲಿ ನನಗೆ ಇವು ಯಾವುವೂ ಇರಲಿಲ್ಲ. ಕೈಗೆ ಬಂದದ್ದನ್ನು ಬಿಡಲು ಮನುಷ್ಯನಿಗೆ ಎಷ್ಟು ಸಂಕಟವೆಂಬುದನ್ನು ನಾನು ಆ ಕ್ಷಣದಲ್ಲಿ ಶಾಸ್ತ್ರೀಯವಾಗಿ ಅನುಭವಿಸಿದೆ. ಮರುದಿನವೇ ಆದೇಶ ಹೊರಟಿತು: "ಪ್ರೇರಣೆಗೆ ಒಳಪಡದ ಯಾವೊಬ್ಬ ಶಿಕ್ಷಕರೂ ಯಂತ್ರವನ್ನು ಬಳಸತಕ್ಕದ್ದಲ್ಲ. ಪ್ರೇರಣೆಯನ್ನು ಒಲ್ಲದವರಿಗೆ ಮಾತ್ರ ನೀಡತಕ್ಕದ್ದು. ಒಲ್ಲದಿರುವಿಕೆಯನ್ನು ಮುಖ್ಯೋಪಾಧ್ಯಾಯರು ದೃಢೀಕರಿಸತಕ್ಕದ್ದು."

ಇದನ್ನು ಸರ್ವಮಂಗಳಮ್ಮನವರಿಗೆ ಓದಿ ಹೇಳುವ ಕೆಲಸ ನನಗೇ ಬಂತು. ಅವರು ಎರಡು ಸಲ ಕೇಳಿಸಿಕೊಂಡರು.

"ಅಂದ್ರೆ ನಾನು ಒಲ್ಲೆ ಅನ್ನಬೇಕಾ ಸಾರ್?"

"ಅನ್ನಬೇಕು ತಾಯಿ. ಆಮ್ಯಾಲೆ ನಾನು ಮೆಲ್ಲಗೆ ಪ್ರೇರೇಪಿಸ್ತೀನಿ."

"ಸರಿ, ಒಲ್ಲೆ. ಬೀಗದ ಕೈ ಕೊಡ್ರಿ."

"ಹಿಂಗೆ ಗಡಿಬಿಡೀಲಿ ಅಂದ್ರೆ ಆಗಲ್ಲ. ನಂಬಿಕೆ ಬರಂಗಿರಬೇಕು. ಮನಸ್ಸಿನಿಂದ ಒಲ್ಲೆ ಅನ್ನಬೇಕು."

"ಮನಸ್ಸಿನಾಗೆ ಇಲ್ಲವಲ್ಲ ಸಾರ್."

"ಪ್ರಯತ್ನ ಮಾಡ್ರಿ ಮೇಡಂ," ಎಂದೆ. "ಉಳಿದ ಸ್ಟಾಫು ನೋಡ್ರಿ, ಎಷ್ಟು ಸಲೀಸಾಗಿ ಒಲ್ಲೆ ಅಂತಾರೆ. ಅವರ ಹತ್ರ ಕೂತು ಸ್ವಲ್ಪ ಕಲೀರಿ."

ಅವರು ನನ್ನ ಮುಖವನ್ನೇ ನೋಡುತ್ತಾ ನಿಂತರು. ನಾನು ತಮಾಷೆ ಮಾಡುತ್ತಿರಬಹುದೆಂಬ ಆಸೆ ಅವರಿಗಿತ್ತೆಂದು ಕಾಣುತ್ತದೆ. ನಾನು ಮಾಡುತ್ತಿರಲಿಲ್ಲ. ಅವರು ದೃಢೀಕರಣಕ್ಕೆ ಮಹೇಶ್ವರಪ್ಪನವರ ಬಳಿಗೂ ಹೋದರು. ಅವರು ಆಕೆಯ ಕಣ್ಣುಗಳನ್ನು ಪರೀಕ್ಷಿಸಿ, "ಇಲ್ಲಮ್ಮ, ಇನ್ನೂ ಆಸೆ ಐತೆ," ಎಂದು ಕಳಿಸಿಬಿಟ್ಟರು.

ಇನ್ನು ನನ್ನ ಶಾಸ್ತ್ರದ ಪ್ರಯೋಗಗಳನ್ನು ಹೇಳಬೇಕು. ಕೂತಲ್ಲಿಂದ ಏಳಲು ಮನುಷ್ಯನಿಗೆ ಬೇಸರವೆಂಬ ತತ್ತ್ವದ ಆಧಾರದ ಮೇಲೆ ಮೊದಲ ಪ್ರಕಟಣೆ ಹೊರಡಿಸಿದೆ: "ಒಲ್ಲದ ಶಿಕ್ಷಕರೆಲ್ಲರೂ ಇಂದಿನಿಂದ ಯಂತ್ರವನ್ನು ಬಳಸಲು ಒಪ್ಪಿದ್ದಾರೆಂದೇ ಭಾವಿಸಲಾಗುವುದು. ಒಪ್ಪದವರು ಅರ್ಜಿ ಬರೆದುಕೊಡತಕ್ಕದ್ದು." ಪರದೇಶದಲ್ಲಿ ಅರ್ಜಿ ಬರೆಯಲು ಬೇಸರಪಟ್ಟು ಜನ ಸುಮ್ಮನೆ ಒಪ್ಪಿಕೊಂಡುಬಿಡುತ್ತಾರಂತೆ. ಆ ದೇಶದವರು ರಜಾ ಅರ್ಜಿ ಬರೆದು ಬೆಳೆದವರಲ್ಲ. ಚನ್ನಗಿರಿಯಲ್ಲಿ ಮಧ್ಯಾಹ್ನದ ಗಂಟೆ ಬಾರಿಸುವುದರೊಳಗೆ ಎಲ್ಲ ಅರ್ಜಿಗಳೂ ನನ್ನ ಮೇಜಿನ ಮೇಲಿದ್ದವು. ಸಣ್ಣಪ್ಪನವರು ತಮಗೆ ಪರದೆಯ ಬೆಳಕಿನಿಂದ ಸೊಂಟ ಹಿಡಿಯುತ್ತದೆಂದು ಬರೆದಿದ್ದರು. ಕನ್ನಡ ಪಂಡಿತರು ಕಂದಪದ್ಯದಲ್ಲಿ ಒಲ್ಲೆನೆಂದಿದ್ದರು. ಡ್ರಿಲ್ ಮೇಷ್ಟ್ರು ತೀರಿಕೊಂಡ ಅಜ್ಜಿಯನ್ನು ಅಭ್ಯಾಸಬಲದಿಂದ ಮತ್ತೊಮ್ಮೆ ತೀರಿಸಿದ್ದರು. ಪ್ರಕಟಣೆಗೆ ಶಿಕ್ಷಕವೃಂದವು ಸಂಪೂರ್ಣವಾಗಿ ಸ್ಪಂದಿಸಿತೆಂದು ನಾನು ಮಂಡಳಿಗೆ ತಿಳಿಸಿದೆ. ಅದು ಸುಳ್ಳಲ್ಲ.

ಶ್ರಾವಣದಲ್ಲಿ ಎರಡನೆಯ ಪ್ರಯೋಗ. ಬಹುಮಾನವನ್ನು ಕೊನೆಗೆ ಕೊಡುವುದು ಮೂರ್ಖರ ಪದ್ಧತಿ. ಮೊದಲೇ ಕೊಟ್ಟುಬಿಡಬೇಕು, ಆಮೇಲೆ ಕಿತ್ತುಕೊಳ್ಳುತ್ತೇವೆಂದು ಹೇಳಬೇಕು. ಮಂಡಳಿಯ ಮಂಜೂರಾತಿ ಪಡೆದು ಶಿವಮೊಗ್ಗದಿಂದ ಬೆತ್ತ ಹೆಣೆದ, ಎರಡೂ ಕಡೆ ಕೈ ಇರುವ ಕುರ್ಚಿಗಳನ್ನು ತರಿಸಿದೆ. ಅಲ್ಲಿಯವರೆಗೆ ಆ ಶಾಲೆಯಲ್ಲಿ ಕೈ ಇರುವ ಕುರ್ಚಿ ಇದ್ದದ್ದು ಮುಖ್ಯೋಪಾಧ್ಯಾಯರೊಬ್ಬರಿಗೇ. ಉಳಿದವರು ತಮ್ಮ ಕೈಗಳನ್ನು ತಾವೇ ಹೊತ್ತುಕೊಂಡಿರಬೇಕಿತ್ತು.

"ಎಲ್ಲರಿಗೂ ಕೈ ಇರೋ ಕುರ್ಚಿ ಕೊಟ್ಟು ನನಗೆ ಕೈ ಕೊಟ್ರಿ," ಎಂದು ಮಹೇಶ್ವರಪ್ಪನವರು ಕಣ್ಣೀರು ತಂದುಕೊಂಡರು. ಅವರಿಗೆ ಒಂದು ಹತ್ತಿ ದಿಂಬು ಮಂಜೂರು ಮಾಡಿ ಸಮಾಧಾನಪಡಿಸಲಾಯಿತು.

ಕುರ್ಚಿ ಒಲ್ಲದವರಿಗೆ ಮಾತ್ರ. ಸರ್ವಮಂಗಳಮ್ಮನವರಲ್ಲಿ ಇನ್ನೂ ಆಸೆ ಉಳಿದಿದ್ದರಿಂದ ಅವರು ಹಳೆಯ ಸ್ಟೂಲಿನ ಮೇಲೆಯೇ ಮುಂದುವರಿದರು. ಶಿಕ್ಷಕರ ಕೊಠಡಿಯಲ್ಲಿ ಎಲ್ಲರೂ ಮೊಣಕೈಗಳನ್ನು ಊರಿಕೊಂಡು ಕೂತಿರುವಾಗ ಅವರೊಬ್ಬರು ನೆಟ್ಟಗೆ ಕೂತು ನೋಟ್‌ಬುಕ್ಕು ತಿದ್ದುತ್ತಿದ್ದರು. ಒಂದು ವಾರದ ಹೊತ್ತಿಗೆ ಉಳಿದವರು ಕೂರುವ ರೀತಿಯೇ ಬದಲಾಗಿ, ಗಂಟೆ ಬಾರಿಸಿದರೂ ಏಳುವುದು ಕಡಿಮೆಯಾಯಿತು. ಆಗ ನಾನು ನಿಯಮವನ್ನು ಗೋಡೆಗೆ ಅಂಟಿಸಿದೆ: "ವಿಜಯದಶಮಿಯೊಳಗಾಗಿ ಯಂತ್ರದೊಂದಿಗೆ ಪಾಠ ಮಾಡದ ಶಿಕ್ಷಕರಿಂದ ಕುರ್ಚಿಯನ್ನು ಹಿಂಪಡೆಯಲಾಗುವುದು."

ಪ್ರೊಫೆಸರರ ವಿದ್ಯೆ ಸುಳ್ಳಾಗಲಿಲ್ಲ. ಆ ಸಂಜೆಯೇ ಶಿಕ್ಷಕರ ಕೊಠಡಿಯಲ್ಲಿ ತುರ್ತು ಸಭೆ ನಡೆಯಿತು. ಮರುದಿನ ಸಣ್ಣಪ್ಪನವರು ಒಂಬತ್ತನೇ ತರಗತಿಯನ್ನು ಸಾಲಾಗಿ ಕರೆದುಕೊಂಡು ಬಂದು, ಚಪ್ಪಲಿ ಬಿಡಿಸಿ, ಯಂತ್ರದ ಕೋಣೆಯಲ್ಲಿ ಕೂರಿಸಿದರು. ಯಂತ್ರದ ಮೇಲೆ ಮುಚ್ಚಿದ್ದ ಹಸಿರು ಬಟ್ಟೆಯನ್ನು ತೆಗೆಯಲಿಲ್ಲ. ಅದರ ಪಕ್ಕ ನಿಂತು ಗ್ರಾಮ ಪಂಚಾಯಿತಿಯ ರಚನೆಯ ಬಗ್ಗೆ ಪೂರ್ತಿ ಪಾಠ ಮಾಡಿದರು. ಮುಗಿದ ಮೇಲೆ ಯಂತ್ರಕ್ಕೆ ಕೈ ಮುಗಿದು ಹೊರಗೆ ಬಂದರು.

"ಸಣ್ಣಪ್ಪನೋರೆ, ಯಂತ್ರ ಚಾಲೂನೇ ಮಾಡಲಿಲ್ಲವಲ್ರೀ?"

"ನಿಮ್ಮ ನಿಯಮ ಓದ್ರಿ. ಯಂತ್ರದಿಂದ ಅಂತ ಬರೆದಿಲ್ಲ, ಯಂತ್ರದೊಂದಿಗೆ ಅಂತ ಬರೆದೀರಿ. ನಾನು ನಮ್ಮಾಕೆಯೊಂದಿಗೆ ದಾವಣಗೆರೆಗೆ ಹೋದೆ ಅಂದ್ರೆ ಆಕೆ ಮ್ಯಾಲೆ ಕೂತು ಹೋದಂಗೇನ್ರೀ?"

ಕನ್ನಡ ಪಂಡಿತರು ವಿಭಕ್ತಿಯನ್ನು ಪರಿಶೀಲಿಸಿ ಸಣ್ಣಪ್ಪನವರ ವಾದ ಸರಿಯೆಂದು ತೀರ್ಪಿತ್ತರು. ನಾನು ಇತಿಹಾಸದವನು, ವಿಭಕ್ತಿಯ ಮುಂದೆ ತಲೆ ಬಾಗಿಸಿದೆ. ಗಾದ್ರಪ್ಪನವರನ್ನು ಕೇಳಿದ್ದಕ್ಕೆ, "ಪಾಠ ಆಯ್ತಾ? ಯಂತ್ರ ಅಲ್ಲೇ ಇತ್ತಾ? ಮತ್ತಿನ್ನೇನು!" ಎಂದರು.

ಅಲ್ಲಿಂದಾಚೆಗೆ ಯಂತ್ರದ ಕೋಣೆಗೆ ಬಿಡುವಿಲ್ಲದಂತಾಯಿತು. ಹಿಂದಿ, ಜೀವಶಾಸ್ತ್ರ, ನೀತಿಬೋಧೆ ಎಲ್ಲವೂ ಹಸಿರು ಬಟ್ಟೆಯ ಸಮ್ಮುಖದಲ್ಲಿ ನಡೆದವು. ಡ್ರಿಲ್ ಮೇಷ್ಟ್ರು ಜಾಗವಿಲ್ಲದೆ ಹುಡುಗರನ್ನು ಕೋಣೆಯ ಸುತ್ತ ಓಡಿಸಿ ತಮ್ಮ ಕುರ್ಚಿ ಉಳಿಸಿಕೊಂಡರು. ಬಾಗಿಲಲ್ಲಿ ನೂಕುನುಗ್ಗಲಾಗಿ ಒಂದು ದಿನ ಹಿಂದಿಯವರಿಗೂ ಜೀವಶಾಸ್ತ್ರದವರಿಗೂ ಮಾತಿಗೆ ಮಾತು ಬೆಳೆಯಿತು. ಯಂತ್ರಕ್ಕಾಗಿ ಶಿಕ್ಷಕರು ಹೀಗೆ ಕಾದಾಡುವುದನ್ನು ಕಂಡು ನನ್ನ ಎದೆ ತುಂಬಿ ಬಂತು.

ಸರ್ವಮಂಗಳಮ್ಮ ನನ್ನನ್ನು ಅಂಗಳದಲ್ಲಿ ತಡೆದರು. "ಸಾರ್, ಹಸಿರು ಬಟ್ಟೆ ಮುಂದೆ ಪಾಠ ಮಾಡಾಕೆ ಅವರಿಗೆ ಯಾವ ಕೋಣೆಯಾದ್ರೂ ಆದೀತು. ನನಗೊಂದು ಪಿರಿಯಡ್ಡು ಬಿಡಿಸಿಕೊಡ್ರಿ. ನಾನು ಬಟ್ಟೆ ತೆಗೀತೀನಿ."

"ನಿಮ್ಮ ಹತ್ರ ಕುರ್ಚಿ ಇಲ್ಲವಲ್ಲ ಮೇಡಂ. ಕಳಕೊಳ್ಳೋದು ಇರೋರಿಗೆ ಮೊದಲ ಆದ್ಯತೆ."

"ನಾನೂ ಕಳಕೊಳ್ತಿದೀನಿ ಸಾರ್. ಹುಡುಗೀರನ್ನ."

ಇದು ಕುರ್ಚಿಯ ವರ್ಗಕ್ಕೆ ಸೇರುವುದಿಲ್ಲವೆಂದು ನಾನು ವಿನಯದಿಂದ ವಿವರಿಸಿದೆ.

ದಸರೆಯ ಹೊತ್ತಿಗೆ ಒಂದು ಕುರ್ಚಿಯನ್ನೂ ಹಿಂಪಡೆಯುವ ಪ್ರಮೇಯ ಬರಲಿಲ್ಲ. ಚನ್ನಗಿರಿಯ ಯಶಸ್ಸನ್ನು ವಲಯಕ್ಕೆಲ್ಲ ಹಬ್ಬಿಸಬೇಕೆಂದು ಮಂಡಳಿ ತೀರ್ಮಾನಿಸಿತು. ಯಂತ್ರ ಇದ್ದದ್ದು ಒಂದೇ. ಆದ್ದರಿಂದ ದೀಪಾವಳಿ ಕಳೆದ ಮೇಲೆ ಅದನ್ನು ಹಳೆಯ ಕಂಬಳಿಯಲ್ಲಿ ಸುತ್ತಿ, ದುರುಗಪ್ಪನ ತೊಡೆಯ ಮೇಲಿರಿಸಿ, ಹೊನ್ನಾಳಿಯ ಬಸ್ಸು ಹತ್ತಿಸಿದೆವು.

"ಇದು ಲಗೇಜೋ, ಮನುಷ್ಯನೋ?" ಎಂದು ಕಂಡಕ್ಟರು ಕೇಳಿದ.

"ಪಾಠ ಹೇಳ್ತೈತಣ್ಣ," ಎಂದ ದುರುಗಪ್ಪ.

"ಹಂಗಾದ್ರೆ ಮೇಷ್ಟ್ರು. ತೊಡೆ ಮ್ಯಾಲೆ ಯಾಕೆ, ಸೀಟಿನ ಮ್ಯಾಲೆ ಕೂರಿಸು."

ಕಿಟಕಿಯ ಪಕ್ಕದಲ್ಲಿ ಯಂತ್ರ, ಅದರ ಪಕ್ಕದಲ್ಲಿ ದುರುಗಪ್ಪ, ಹಿಂದೆ ನಿಂತುಕೊಂಡು ನಾನು, ಹೀಗೆ ಪ್ರಯಾಣ ಸಾಗಿತು.

ಈಗ ಮೂರನೆಯ ತತ್ತ್ವ: ನೆರೆಯವನು ಮಾಡಿದ್ದನ್ನು ಮನುಷ್ಯ ಮಾಡುತ್ತಾನೆ. ಹೊನ್ನಾಳಿಯಲ್ಲಿ "ಚನ್ನಗಿರಿಯವರು ಬಳಸುತ್ತಿದ್ದಾರೆ, ನೀವು?" ಎಂದು ಬೋರ್ಡು ಬರೆಸಿದೆ. ನ್ಯಾಮತಿಯಲ್ಲಿ ಹೊನ್ನಾಳಿಯವರು ಬಳಸುತ್ತಿದ್ದಾರೆಂದು, ಜಗಳೂರಿನಲ್ಲಿ ನ್ಯಾಮತಿಯವರು ಬಳಸುತ್ತಿದ್ದಾರೆಂದು ಬರೆಸಿದೆ. ಬಣ್ಣ ಇನ್ನೂ ಉಳಿದಿದ್ದರಿಂದ ಚನ್ನಗಿರಿಯಲ್ಲಿ ಜಗಳೂರಿನವರು ಬಳಸುತ್ತಿದ್ದಾರೆಂದು ಬರೆಸಿದೆ. ಪ್ರತಿ ಊರಿನವರೂ ತಮ್ಮೂರಿನ ಬೋರ್ಡು ನಂಬಿ, ತಾವು ಹಿಂದೆ ಬೀಳಬಾರದೆಂದು, ತಾವೂ ಬಳಸುತ್ತಿದ್ದೇವೆಂದು ಬರೆದುಕೊಟ್ಟರು. ಹೊನ್ನಾಳಿಯವರು ಯಂತ್ರದ ಕಂಬಳಿ ಬಿಚ್ಚುವ ಮೊದಲೇ ಬರೆದುಕೊಟ್ಟರು. ನ್ಯಾಮತಿಯವರು, ನನ್ನ ಹಳೆಯ ಸಹೋದ್ಯೋಗಿಗಳು, ಯಂತ್ರ ಬಸ್ಸಿನಿಂದ ಇಳಿಯುವ ಮೊದಲೇ.

ಇತ್ತ ಚನ್ನಗಿರಿಯಲ್ಲಿ ಒಂದು ತಾಂತ್ರಿಕ ತೊಡಕು ಉಂಟಾಯಿತು. ಯಂತ್ರವೇ ಇಲ್ಲವಾದ್ದರಿಂದ ತಮ್ಮ ಕುರ್ಚಿಗಳ ಗತಿಯೇನೆಂದು ಸಣ್ಣಪ್ಪನವರು ಕೇಳಿದರು. ನ್ಯಾಯವಾದ ಪ್ರಶ್ನೆ. ಮಂಡಳಿಯಿಂದ ಸ್ಪಷ್ಟೀಕರಣ ತರಿಸಿದೆ: "ಯಂತ್ರವು ಅನ್ಯಕಾರ್ಯ ನಿಮಿತ್ತ ಪ್ರವಾಸದಲ್ಲಿರುವಾಗ ಅದರ ಮೇಜನ್ನು ಪ್ರಭಾರ ಯಂತ್ರವೆಂದು ಪರಿಗಣಿಸತಕ್ಕದ್ದು." ಹಸಿರು ಬಟ್ಟೆಯನ್ನು ಮೇಜಿನ ಮೇಲೆ ಹಾಸಲಾಯಿತು. ಪಾಠಗಳು ಅಡಚಣೆಯಿಲ್ಲದೆ ಮುಂದುವರಿದವು. ನೀತಿಬೋಧೆಯವರು ಇದೇ ವಾಸಿಯೆಂದರು. ಯಂತ್ರವಿದ್ದಾಗ ಹುಡುಗರ ಗಮನ ಅದರ ಕಡೆಗೇ ಹೋಗುತ್ತಿತ್ತಂತೆ.

ಸಂಕ್ರಾಂತಿ ಕಳೆದ ಮೇಲೆ ಗಾದ್ರಪ್ಪನವರು ತನಿಖೆಗೆ ಬರುವ ದಿನ ಗೊತ್ತಾಯಿತು. ಹಿಂದಿನ ದಿನ ಸರ್ವಮಂಗಳಮ್ಮ ನನ್ನ ಕೋಣೆಗೆ ಬಂದರು. ಪರೀಕ್ಷೆ ಹತ್ತಿರ ಬಂದಿತ್ತು.

"ನಾಳೆ ನಾನು ಒಲ್ಲೆ ಅಂತೀನಿ. ಮನಸ್ಸಿನಿಂದ ಅಂದಂಗೆ ಅಂತೀನಿ. ಅಂದ್ರೆ ಯಂತ್ರ ತರಿಸ್ತೀರಾ?"

"ಖಂಡಿತ ಮೇಡಂ. ಒಲ್ಲದವರಿಗಾಗಿಯೇ ಅಲ್ವೇ ನಾವಿರೋದು."

ಮರುದಿನ ಗಾದ್ರಪ್ಪನವರು ಹಾರ ಹಾಕಿಸಿಕೊಂಡು ಕೂತಿದ್ದಾಗ ಸರ್ವಮಂಗಳಮ್ಮ ಎದ್ದು ನಿಂತರು. ಅಷ್ಟು ಜೋರಾದ ದನಿ ಅವರಿಗಿತ್ತೆಂದು ನಮಗಾರಿಗೂ ಗೊತ್ತಿರಲಿಲ್ಲ.

"ನಾನು ಒಲ್ಲೆ! ಈ ಡಬ್ಬಿ ನನ್ನ ಕ್ಲಾಸಿನ ಹೊಸ್ತಿಲು ತುಳಿಯಬಾರದು. ಗೆರೆ ನಿಂತಲ್ಲೇ ನಿಲ್ಲಬೇಕು, ವೃತ್ತ ಬರೆದಲ್ಲೇ ಇರಬೇಕು. ನಮ್ಮ ಹಿರೇರು ಹಂದಾಡೋ ಗೆರೆ ನೋಡಿದ್ರಾ? ಅರ್ಥ ಆಗದಿದ್ರೆ ಬಾಯಿಪಾಠ ಮಾಡ್ಲಿ. ಬಾಯಿಪಾಠ ಬರದಿದ್ರೆ ಮನೀಗೆ ಹೋಗ್ಲಿ. ಇದನ್ನ ಮುಟ್ಟಿದ ಕೈಯಾಗೆ ನಾನು ಸೀಮೆಸುಣ್ಣ ಹಿಡಿಯಲ್ಲ!"

ಸಣ್ಣಪ್ಪನವರು ಮೆಚ್ಚಿ ತಲೆದೂಗಿದರು. ಇಂಥ ಒಲ್ಲದಿರುವಿಕೆಯನ್ನು ತಮ್ಮ ಸೇವಾವಧಿಯಲ್ಲಿ ಕಂಡಿಲ್ಲವೆಂದು ಗಾದ್ರಪ್ಪನವರು ಕನ್ನಡಕ ತೆಗೆದು ಒರೆಸಿಕೊಂಡರು. ಮಹೇಶ್ವರಪ್ಪನವರು ಅಲ್ಲೇ ದೃಢೀಕರಿಸಿದರು. ಆಕೆಗೂ ಕೈ ಇರುವ ಕುರ್ಚಿ ಬಂತು.

ಸಭೆ ಮುಗಿದ ಮೇಲೆ ಆಕೆ ಮೆಲ್ಲಗೆ ಕೇಳಿದರು: "ಇನ್ನು ಪ್ರೇರೇಪಿಸ್ರಿ ಸಾರ್. ಯಂತ್ರ ಯಾವತ್ತು ಬರ್ತೈತೆ?"

ಗಾದ್ರಪ್ಪನವರು ತಂದೆಯಂತೆ ನಕ್ಕರು. "ಗಡಿಬಿಡಿ ಮಾಡಬ್ಯಾಡಮ್ಮ. ಇಷ್ಟು ಗಟ್ಟಿ ಒಲ್ಲದಿರುವಿಕೆ ಒಂದೇ ದಿನಕ್ಕೆ ಕರಗಿದ್ರೆ ಯಾರು ನಂಬ್ತಾರೆ? ಹಂತ ಹಂತವಾಗಿ ಆಗಬೇಕು. ಈ ವರ್ಷ ನಿಮ್ಮನ್ನ ಅಧ್ಯಯನ ಮಾಡ್ತೀವಿ. ಪ್ರೇರಣೆ ಮುಂದಿನ ವರ್ಷ."

"ಪರೀಕ್ಷೆ ಈ ವರ್ಷ ಐತೆ ಸಾರ್."

"ಪರೀಕ್ಷೆ ಪ್ರತಿ ವರ್ಷಾನೂ ಇರ್ತೈತಮ್ಮ," ಎಂದರು ಗಾದ್ರಪ್ಪನವರು. ಇದನ್ನು ಅಲ್ಲಗಳೆಯಲು ಸಾಧ್ಯವಿರಲಿಲ್ಲ.

ಸರ್ವಮಂಗಳಮ್ಮ ನನ್ನ ಕಡೆ ತಿರುಗಿ ನೋಡಿದರು. ನಾನು ಹಿಂದಿನ ದಿನ "ಖಂಡಿತ" ಎಂದಿದ್ದು ನಿಜ. ಆದರೆ ಅದು ಪ್ರೇರಣೆಯ ಭಾಗವಾಗಿತ್ತು. ನಾನು ಗಾದ್ರಪ್ಪನವರ ಹಾರದಿಂದ ಉದುರಿದ್ದ ಹೂಗಳನ್ನು ಆರಿಸತೊಡಗಿದೆ.

ಆ ವರ್ಷ ಸರ್ವಮಂಗಳಮ್ಮ ಬೋರ್ಡಿನ ಮೇಲೆ ವೃತ್ತ ಬರೆದರು, ಅಳಿಸಿದರು, ಮತ್ತೆ ಬರೆದರು. ಶಾಲೆ ಬಿಟ್ಟ ಮೇಲೂ ಹುಡುಗಿಯರನ್ನು ಉಳಿಸಿಕೊಂಡು ಹೇಳಿಕೊಟ್ಟರು. ನಲ್ಲೂರಿನ ಕಡೆಯ ಸಂಜೆ ಬಸ್ಸು ತಪ್ಪುವುದೆಂದು ಭೀಮಕ್ಕ ಮಾತ್ರ ಅರ್ಧಕ್ಕೆ ಎದ್ದು ಓಡಬೇಕಾಗುತ್ತಿತ್ತು. ಫಲಿತಾಂಶ ಬಂದಾಗ ಗಣಿತದಲ್ಲಿ ಹಿಂದಿನ ವರ್ಷದಷ್ಟೇ ಜನ ಹೋಗಿದ್ದರು. ಯಂತ್ರದಿಂದ ಫಲಿತಾಂಶಕ್ಕೆ ಯಾವುದೇ ಹಾನಿಯಾಗಿಲ್ಲವೆಂದು ನಾನು ವರದಿಯಲ್ಲಿ ದಾಖಲಿಸಿದೆ.

ಅದೇ ದಿನಗಳಲ್ಲಿ ಬಸವಾಪಟ್ಟಣದ ನೆಂಟರ ಮನೆಯ ಮದುವೆಗೆ ಹೋಗಿ ಬರುವಾಗ (ಪ್ರೇರಣಾಧಿಕಾರಿಯಾದ ಮೇಲೆ ನನ್ನನ್ನು ಮದುವೆಗಳಿಗೆ ಕರೆಯುತ್ತಿದ್ದರು) ನಲ್ಲೂರಿನಲ್ಲಿ ಎಲೆ ಅಡಿಕೆ ಕೊಳ್ಳಲು ಇಳಿದೆ. ಅಂಗಡಿಯಲ್ಲಿ ಕೂತಿದ್ದವಳು ಭೀಮಕ್ಕ. ಗುರುತು ಹಿಡಿದು ಎದ್ದು ನಿಂತಳು. ಎಲೆ ಕಟ್ಟಿ ಕೊಡುತ್ತಾ ಕೇಳಿದಳು:

"ಸಾರ್, ಆ ಗೆರೆ ವೃತ್ತಾನ ಮುಟ್ಟಿದ ಮ್ಯಾಲೆ ಏನಾಗ್ತಿತ್ತು? ಅವತ್ತು ಅಷ್ಟಕ್ಕೇ ನಿಂತೋಯ್ತು."

ನನಗೆ ಗೊತ್ತಿರಲಿಲ್ಲ. ನಾನೂ ಅಷ್ಟನ್ನೇ ನೋಡಿದ್ದೆ. ಬಸ್ಸು ಹೊರಡುವುದೆಂದು ಹೇಳಿ ಹತ್ತಿಬಿಟ್ಟೆ. ಅದು ಹೊರಡಲು ಇನ್ನೂ ಬಹಳ ಹೊತ್ತು ಹಿಡಿಯಿತು. ಅಷ್ಟು ಹೊತ್ತೂ ನಾನು ಕಿಟಕಿಯ ಆಚೆ ಕಡೆಗೆ ಮುಖ ಮಾಡಿ ಕೂತಿದ್ದೆ. ಆ ವರ್ತನೆಗೆ ಪ್ರೊಫೆಸರರು ಯಾವ ಹೆಸರನ್ನೂ ಹೇಳಿಕೊಟ್ಟಿರಲಿಲ್ಲ.

ಜೂನಿನಲ್ಲಿ ಶಾಲೆ ಪ್ರಾರಂಭವಾದ ಕೂಡಲೇ ನಾನೇ ಜಗಳೂರಿಗೆ 	ಹೋಗಿ, ಯಾರನ್ನೂ ಕೇಳದೆ, ಅಲ್ಲೇ ಉಳಿದಿದ್ದ ಯಂತ್ರವನ್ನು ಚನ್ನಗಿರಿಗೆ ತಂದೆ. ದೂಳು ಒರೆಸಿ, ಪ್ರಭಾರ ಮೇಜನ್ನು ಪ್ರಭಾರದಿಂದ ಬಿಡುಗಡೆ ಮಾಡಿ, ಅದರ ಮೇಲೆ ಇಟ್ಟೆ. ಬೀಗದ ಕೈ ಹಿಡಿದುಕೊಂಡು ಸರ್ವಮಂಗಳಮ್ಮನವರ ಬಳಿಗೆ ಹೋದೆ. ಅವರು ಕೈ ಇರುವ ಕುರ್ಚಿಯಲ್ಲಿ ಹಿಂದಕ್ಕೊರಗಿ ಕೂತಿದ್ದರು.

"ಮೇಡಂ, ಯಂತ್ರ ಬಂದೈತೆ. ಬರ್ರಿ. ಎಷ್ಟು ಪಿರಿಯಡ್ಡು ಬೇಕೋ ತಗಳ್ರಿ."

"ಒಲ್ಲೆ ಸಾರ್."

"ಈಗ ಹಂಗನ್ನೋದು ಬ್ಯಾಡ ಮೇಡಂ. ಗಾದ್ರಪ್ಪನೋರು ಇಲ್ಲಿಲ್ಲ."

"ಇಲ್ಲ ಸಾರ್. ನಿಜವಾಗ್ಲೂ ಒಲ್ಲೆ."

ಸಿಟ್ಟಿರಲಿಲ್ಲ, ನಟನೆಯೂ ಇರಲಿಲ್ಲ. ಊಟ ಆಯಿತೆನ್ನುವವರಂತೆ ಹೇಳಿದರು. ನಾನು ಬುದ್ಧಿ ಹೇಳಿದೆ. ಬೇಡಿಕೊಂಡೆ. ಹೊಸ ಹುಡುಗಿಯರು ಬಂದಿದ್ದಾರೆಂದೆ. ನನ್ನ ಶಾಸ್ತ್ರದಲ್ಲಿ ನಿಷಿದ್ಧವಾದದ್ದನ್ನೆಲ್ಲ ಮಾಡಿದೆ. ಅವರು ಮೊಣಕೈಗಳನ್ನು ಕುರ್ಚಿಯ ಕೈಗಳ ಮೇಲೆ ಊರಿ, ಕಿಟಕಿಯ ಹೊರಗೆ ನೋಡುತ್ತಾ ಕೂತರು. ಗಂಟೆ ಹೊಡೆಯಿತು. ಅವರು ಏಳಲಿಲ್ಲ.

ವಿಷಯ ತಿಳಿದು ಗಾದ್ರಪ್ಪನವರು ಜೀಪು ಮಾಡಿಸಿಕೊಂಡು ಓಡಿ ಬಂದರು. ಅವರ ಆನಂದಕ್ಕೆ ಪಾರವಿರಲಿಲ್ಲ. ವಲಯದ ಉಳಿದೆಲ್ಲ ಶಿಕ್ಷಕರೂ ಬಳಸುತ್ತಿದ್ದೇವೆಂದು ಬರೆದುಕೊಟ್ಟಾಗಿತ್ತು. ಒಲ್ಲದವರು ಯಾರೂ ಉಳಿದಿಲ್ಲವಾದ್ದರಿಂದ ಘಟಕವನ್ನು ಮುಚ್ಚುವುದಾಗಿ ಮಂಡಳಿ ಆಗಲೇ ಪತ್ರ ಬರೆದಿತ್ತು. ಈಗ ನಾಲ್ಕು ಊರಿಗೆ ಒಬ್ಬರು, ಅಪ್ಪಟ, ದೃಢೀಕೃತ ಒಲ್ಲದ ಶಿಕ್ಷಕಿ ಸಿಕ್ಕಿದ್ದರು. ಅವರೊಬ್ಬರ ಮೇಲೆ ಘಟಕ, ನನ್ನ ಕೋಣೆ, ಫ್ಯಾನು ಎಲ್ಲವೂ ನಿಂತವು. ಘಟಕವನ್ನು ಐದು ವರ್ಷಗಳಿಗೆ ವಿಸ್ತರಿಸಲಾಯಿತು. ಅವರ ಮನಸ್ಸು ಅಪ್ಪಿತಪ್ಪಿ ಬದಲಾಗದಂತೆ ನೋಡಿಕೊಳ್ಳಬೇಕೆಂದು ನನಗೆ ಗುಟ್ಟಾಗಿ ಸೂಚನೆ ಬಂತು. ಯಂತ್ರವನ್ನು ಜಗಳೂರಿಗೇ ಕಳಿಸಿಬಿಡುವುದು ಕ್ಷೇಮವೆಂದು ಎಲ್ಲರೂ ಅಭಿಪ್ರಾಯಪಟ್ಟರು. ಕಳಿಸಿದೆವು.

ಆ ವರ್ಷದ ಶಿಕ್ಷಕರ ದಿನಾಚರಣೆಯಂದು ನಾಲ್ಕೂ ಊರುಗಳ ಶಿಕ್ಷಕರು ಚನ್ನಗಿರಿಯಲ್ಲಿ ನೆರೆದರು. ಸರ್ವಮಂಗಳಮ್ಮನವರಿಗೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು ಸನ್ಮಾನಿಸಲಾಯಿತು. ಇಂಥವರಿಂದಲೇ ಇಲಾಖೆಗಳು ಉಳಿದಿವೆಯೆಂದು ಗಾದ್ರಪ್ಪನವರು ಹೇಳಿದರು. ಸನ್ಮಾನಿತರು ಎರಡು ಮಾತಾಡಬೇಕೆಂದು ಸಣ್ಣಪ್ಪನವರು ಎಲ್ಲರ ಪರವಾಗಿ ಕೋರಿದರು. ಸರ್ವಮಂಗಳಮ್ಮ ಎದ್ದು, ಜಾರುತ್ತಿದ್ದ ಶಾಲನ್ನು ಎಳೆದುಕೊಂಡು, ಮೈಕಿನ ಮುಂದೆ ನಿಂತು, "ಈ ವರ್ಷಾನೂ ಒಲ್ಲೆ," ಎಂದರು.

ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ. ನನ್ನದೇ ಎಲ್ಲರಿಗಿಂತ ಜೋರಾಗಿತ್ತೆಂದು ಆಮೇಲೆ ಮಹೇಶ್ವರಪ್ಪನವರು ಹೇಳಿದರು.